ವೆಚ್ಚದ ಮಿತಿ ಅಭ್ಯರ್ಥಿಗೆ ಮಾತ್ರ ಸಾಲದು

ಮಾನ್ಯರೇ,

ನಮ್ಮ ಕರಾವಳಿಯಲ್ಲಿ ಚುನಾವಣೆ ಘೋಷಣೆಯಾಗುವ ಎಷ್ಟೋ ತಿಂಗಳ ಮೊದಲೇ ಪ್ರಚಾರ ಶುರುವಾಗಿರುತ್ತದೆ. ದೇವಸ್ಥಾನದ ಬ್ರಹ್ಮಕಲಶೋತ್ಸವದ ದ್ವಾರ, ಕಂಬಳದ ಕೋಣಗಳು ಓಡುವ ಕರೆಯ ಬದಿ, ಕಬಡ್ಡಿ ಪಂದ್ಯಾಟದ ವೇದಿಕೆ, ಎಲ್ಲೆಲ್ಲೂ ಟಿಕೆಟ್ ಆಕಾಂಕ್ಷಿಗಳ ಫ್ಲೆಕ್ಸ್. ಜೀರ್ಣೋದ್ಧಾರಕ್ಕೊಂದು ದೇಣಿಗೆ, ಯುವಕ ಮಂಡಲಕ್ಕೊಂದು ಟ್ರೋಫಿ. ಈ ಹಣ ಯಾವ ಲೆಕ್ಕಕ್ಕೂ ಬರುವುದಿಲ್ಲ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಅಭ್ಯರ್ಥಿ ಲೆಕ್ಕ ಇಡಬೇಕಾದದ್ದು ನಾಮಪತ್ರದಿಂದ ಫಲಿತಾಂಶದವರೆಗೆ ಮಾತ್ರ.

ಆ ಅವಧಿಗೂ ಮಿತಿ ಇರುವುದು ಅಭ್ಯರ್ಥಿಗಷ್ಟೇ. 2022ರಲ್ಲಿ ಪರಿಷ್ಕರಿಸಿದಂತೆ ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಚಹಾ, ಕುರ್ಚಿ, ಶಾಮಿಯಾನಕ್ಕೂ ಜಿಲ್ಲಾಡಳಿತ ದರ ಗೊತ್ತು ಮಾಡಿ ಲೆಕ್ಕ ಹಾಕುತ್ತದೆ. ಆದರೆ ಪಕ್ಷಕ್ಕೆ ಮಿತಿಯೇ ಇಲ್ಲ. ಪಕ್ಷದ ಸಾಮಾನ್ಯ ಪ್ರಚಾರವಾಗಲಿ, ಪಕ್ಷ ಪಟ್ಟಿ ಮಾಡಿ ಕಳಿಸುವ ತಾರಾ ಪ್ರಚಾರಕರ ಹೆಲಿಕಾಪ್ಟರ್ ಪ್ರಯಾಣವಾಗಲಿ ಅಭ್ಯರ್ಥಿಯ ಖಾತೆಗೆ ಸೇರದು. ಪಕ್ಷದ ಹೆಸರಲ್ಲಿ ಎಷ್ಟು ಬೇಕಾದರೂ ಸುರಿಯಬಹುದು ಎಂದಾದ ಮೇಲೆ ಕುರ್ಚಿ ಎಣಿಸಿ ಏನು ಪ್ರಯೋಜನ?

ಖರ್ಚಿಗೆ ಕಡಿವಾಣ ಹಾಕಿದರೆ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎನ್ನುವವರಿದ್ದಾರೆ. ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ ಹೀಗೇ ಹೇಳಿ ಅಭ್ಯರ್ಥಿಗಳ ವೆಚ್ಚದ ಮಿತಿಯನ್ನು ರದ್ದು ಮಾಡಿತು. ನಾನು ಇದನ್ನು ಒಪ್ಪುವುದಿಲ್ಲ. ಬ್ರಿಟನ್ 2000ದ ಕಾಯ್ದೆಯಲ್ಲಿ ಪಕ್ಷಗಳ ಖರ್ಚಿಗೂ ಮಿತಿ ತಂದಿತು, ಅಲ್ಲಿ ಯಾರ ಬಾಯಿಯೂ ಕಟ್ಟಿಲ್ಲ. ಬಾಯಿ ಕಟ್ಟಿರುವುದು ನಮ್ಮಲ್ಲಿ, ಹಣವಿಲ್ಲದವರದು. ಬೀಡಿ ಕಟ್ಟುವ, ಮೀನು ಮಾರುವ ಹೆಂಗಸರು ಗ್ರಾಮ ಪಂಚಾಯತ್‌ಗೆ ನಿಂತು, ಮನೆ ಮನೆ ನಡೆದು, ಗೆದ್ದು ಬರುತ್ತಾರೆ. ರಸ್ತೆ, ನೀರು, ನಿವೇಶನದ ವಿಷಯ ಅವರಷ್ಟು ತಿಳಿದವರು ಕಡಿಮೆ. ಅವರಲ್ಲಿ ಎಷ್ಟು ಮಂದಿ ವಿಧಾನಸಭೆಯ ಟಿಕೆಟ್ ಕೇಳುವ ಧೈರ್ಯ ಮಾಡಿಯಾರು? ಕೇಳಿದರೂ ಮೊದಲ ಪ್ರಶ್ನೆ, "ಎಷ್ಟು ಖರ್ಚು ಮಾಡುತ್ತೀರಿ?"

ಮಿತಿ ತೀರಾ ಕಡಿಮೆಯಾದರೆ ಹೊಸಬರಿಗೇ ತೊಂದರೆ ಎಂಬುದು ನಿಜ, ಹಾಲಿ ಶಾಸಕರ ಹೆಸರು ಹೇಗೂ ಎಲ್ಲರಿಗೂ ಗೊತ್ತು. ಆದ್ದರಿಂದ 40 ಲಕ್ಷವನ್ನು ಇನ್ನೂ ಇಳಿಸಿ ಎಂದು ನಾನು ಕೇಳುತ್ತಿಲ್ಲ. ಪಕ್ಷಗಳ ಖರ್ಚಿಗೂ ಮಿತಿ ಬರಲಿ, ಲೆಕ್ಕದ ಅವಧಿ ನಾಮಪತ್ರಕ್ಕಿಂತ ಕನಿಷ್ಠ ಆರು ತಿಂಗಳು ಹಿಂದಕ್ಕೆ ಹೋಗಲಿ. ಪಕ್ಷಗಳಿಗೆ ದೇಣಿಗೆ ಕೊಟ್ಟವರ ಹೆಸರು ಗುಟ್ಟಾಗಿಡುತ್ತಿದ್ದ ಚುನಾವಣಾ ಬಾಂಡನ್ನು 2024ರ ಫೆಬ್ರವರಿಯಲ್ಲಿ ರದ್ದುಪಡಿಸಿದಾಗ ಸುಪ್ರೀಂ ಕೋರ್ಟ್ ಮತದಾರನ ತಿಳಿಯುವ ಹಕ್ಕನ್ನು ಎತ್ತಿ ಹಿಡಿದಿದೆ. ಮುಂದಿನ ಕೆಲಸ ಸಂಸತ್ತಿನದು. ದಕ್ಷಿಣ ಕನ್ನಡ ಮತ್ತು ಉಡುಪಿ-ಚಿಕ್ಕಮಗಳೂರು ಸಂಸದರು ಈ ತಿದ್ದುಪಡಿಗೆ ಬೆಂಬಲ ಕೊಡುವರೇ ಎಂಬುದನ್ನು ಇದೇ ಅಂಕಣದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಬ್ಯಾಂಕ್ ಉದ್ಯೋಗಿ, ಬ್ರಹ್ಮಾವರ