ಹಿತ್ತಲ ಕೋಳಿ ಸಾಕೋರ ಮನವಿ ಪತ್ರ: ಲಸಿಕೆಗೆ ದಿನ ಗೊತ್ತು ಮಾಡಿ, ಚರಂಡಿಗೆ ಸತ್ತ ಕೋಳಿ ಸುರಿಯೋದನ್ನ ನಿಲ್ಲಿಸಿ

ಗೆ,
ಮಾನ್ಯ ಅಧ್ಯಕ್ಷರು, ಸದಸ್ಯರು ಮತ್ತು ಅಧಿಕಾರಿಗಳು,
ಪಂಚಾಯ್ತಿ ಕಚೇರಿ.

ಇಂದ,
ಕೆಳಗಿನ ಕೇರಿಯ ನಿವಾಸಿಗಳು.

ವಿಷಯ: ಹಿತ್ತಲ ಕೋಳಿಗಳಿಗೆ ಸರಿಯಾಗಿ ಲಸಿಕೆ ಹಾಕಿಸೋದು, ಸತ್ತ ಕೋಳಿ ಹೂಳೋಕೆ ಜಾಗ, ನಾಯಿ ಕಾಟ, ಮತ್ತೆ ಇದಕ್ಕೆ ಅಂಟ್ಕೊಂಡಿರೋ ಉಳಿದ ತೊಂದ್ರೆಗಳ ಬಗ್ಗೆ.

ಉಲ್ಲೇಖ: ನಾವು ಇದುವರೆಗೆ ಕೊಟ್ಟಿರೋ ಅರ್ಜಿಗಳೆಲ್ಲಾ. ಅವು ನಿಮ್ಮ ಕಚೇರೀಲಿ ಯಾವ ಗಂಟಲ್ಲಿ ಇವೆಯೋ ಆ ಗಂಟು ಬಿಚ್ಚಿ ನೋಡ್ಕೊಳ್ಳೋದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಪಟ್ಟಂತೆ ತಮ್ಮಲ್ಲಿ ಮನವಿ ಮಾಡ್ಕೊಳ್ಳೋದೇನಂದ್ರೆ, ಈ ಸಲಾನೂ ಕೋಳಿಗಳಿಗೆ ಕೊಕ್ಕರೆ ರೋಗ (ರಾಣಿಖೇತ್ ಅಂತಾರಲ್ಲ, ಅದೇ) ಬಂದು ನಮ್ಮ ಕೇರೀಲಿ ಗೂಡುಗೂಡೇ ಖಾಲಿ ಆಗಿವೆ. ರೋಗ ಪ್ರತಿ ಸಲ ಬರೋ ಹಾಗೇ ಬಂತು, ನೀವು ಪ್ರತಿ ಸಲದ ಹಾಗೇ ಬರ್ಲಿಲ್ಲ. ಹಿಂದಿನ ಅರ್ಜಿಗಳಲ್ಲಿ ಎಲ್ಲಾ ವಿವರವಾಗಿ ಬರೆದಿದ್ವಿ, ಯಾರೂ ಓದಿರೋ ಲಕ್ಷಣ ಕಾಣದೇ ಇರೋದ್ರಿಂದ ಮತ್ತೆ ಮೊದಲಿಂದ ಬರೀತಾ ಇದೀವಿ. ಉದ್ದ ಆಯ್ತು ಅಂತ ಬೇಜಾರಾದ್ರೆ ಮಾಡ್ಕೊಳ್ಳಿ, ನಮ್ಮ ಬೇಜಾರಿನ ಮುಂದೆ ಅದೇನೂ ಅಲ್ಲ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ತೀವಿ. ನಮ್ಮದು ಫಾರಂ ಅಲ್ಲ. ಮನೆಗೆ ಎಂಟೋ ಹತ್ತೋ ಹೇಂಟೆ, ಒಂದು ಹುಂಜ, ಕಾವಿಗೆ ಕೂತದ್ದೊಂದು, ಮಂಕರಿ ಕೆಳಗೆ ಒಂದಷ್ಟು ಪಿಳ್ಳೆ. ಅರ್ಜಿ ಕೊಟ್ಟಾಗೆಲ್ಲಾ "ನಾಲ್ಕು ಕೋಳಿಗೆ ಇಷ್ಟು ಗಲಾಟೇನಾ" ಅಂತ ನಗೋರು ಇದನ್ನ ತಿಳ್ಕೋಬೇಕು, ಆ ನಾಲ್ಕು ಕೋಳೀನೇ ಎಷ್ಟೋ ಮನೆ ಹೆಂಗಸರ ಕೈಯಲ್ಲಿ ಓಡಾಡೋ ದುಡ್ಡು, ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ದುಡ್ಡು ಅದೊಂದೇ.

ಈಗ ರೋಗದ ವಿಷಯ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ್ರೆ ಎಲ್ಲಾ ಈಚೆ ಹಾರಿದ್ರೂ ಒಂದು ಮಾತ್ರ ರೆಕ್ಕೆ ಜೋಲು ಬಿಟ್ಕೊಂಡು ತೂಕಡಿಸ್ತಾ ಒಳಗೇ ನಿಂತಿರುತ್ತೆ. ಹಸಿರು ಬಣ್ಣದ ನೀರು ಹಿಕ್ಕೆ, ಬಾಯಿ ತೆಕ್ಕೊಂಡು ಉಸಿರೆಳೆಯೋದು, ಆಮೇಲೆ ಕಾಲು ರೆಕ್ಕೆ ಸ್ವಾಧೀನ ತಪ್ಪೋದು. ಒಂದೆರಡು ಸಾಯದೆ ಉಳೀತವೆ, ಅವುಗಳ ಪಾಡು ಇನ್ನೂ ಕಷ್ಟ. ಕತ್ತು ಹಿಂದಕ್ಕೆ ತಿರುಚ್ಕೊಂಡಿರುತ್ತೆ, ಎದುರಿಗೆ ಕಾಳು ಹಾಕಿದ್ರೆ ಕುಕ್ಕುತ್ತೆ, ಕೊಕ್ಕು ಕಾಳಿನ ಪಕ್ಕದ ಮಣ್ಣಿಗೆ ಬೀಳುತ್ತೆ, ಮತ್ತೆ ಕುಕ್ಕುತ್ತೆ ಮತ್ತೆ ಮಣ್ಣು. ಕೊನೆಗೆ ನಾವೇ ಅಂಗೈಲಿ ಹಿಡ್ದು ಬಾಯಿಗೆ ಹಾಕ್ಬೇಕು. ಲಸಿಕೆ ಇಲ್ಲದ ಕೋಳಿಗಳ ಗುಂಪಿಗೆ ಇದು ಹೊಕ್ಕರೆ ಹೆಚ್ಚುಕಮ್ಮಿ ಪೂರ್ತಿ ಗುಂಪೇ ಹೋಗಬಹುದು. ಬಂದ್ಮೇಲೆ ಇದಕ್ಕೆ ಮದ್ದಿಲ್ಲ, ಬರೋಕೆ ಮುಂಚೆ ಲಸಿಕೆ ಒಂದೇ. ಹೊಸ ರೋಗಾನೂ ಅಲ್ಲ ಸ್ವಾಮಿ, 1926ರಲ್ಲೇ ಜಾವಾದಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತು ಹಿಡಿದಿರೋ ರೋಗ ಇದು. ಗುರುತು ಹಿಡ್ದು ಹೆಚ್ಚುಕಮ್ಮಿ ನೂರು ವರ್ಷ ಆಗಿರೋ ರೋಗ, ಲಸಿಕೆಯೂ ಇರೋ ರೋಗ, ನಮ್ಮ ಕೇರಿಗೆ ಮಾತ್ರ ಪ್ರತಿ ಸಲ ಹೊಸದಾಗಿ ಬರುತ್ತೆ.

ಹಾಗಾದ್ರೆ ನೀವೇ ಲಸಿಕೆ ತಂದು ಹಾಕ್ಕೊಳ್ರಿ ಅಂತ ಕೌಂಟರಲ್ಲಿ ಹೇಳ್ತಾರೆ. ಹೇಳೋದು ಸುಲಭ. ಒಂದು ಲಸಿಕೆ ಸೀಸೇಲಿ ನೂರಾರು ಡೋಸ್ ಇರುತ್ತೆ, ಒಂದು ಸಲ ನೀರು ಬೆರೆಸಿದ್ರೆ ಎರಡು ಗಂಟೆ ಒಳಗೆ ಮುಗಿಸ್ಬೇಕು, ಉಳಿದದ್ದು ವೇಸ್ಟು. ಹತ್ತು ಕೋಳಿ ಇಟ್ಕೊಂಡೋರು ನೂರು ಡೋಸ್ ತಂದು ಏನ್ ಮಾಡೋದು? ಅದೂ ಅಲ್ದೆ 2ರಿಂದ 8 ಡಿಗ್ರಿ ತಣ್ಣಗಿರಬೇಕು, ಬಸ್ಸಲ್ಲಿ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಬಿಸಿಲಲ್ಲಿ ತಂದ್ರೆ ಮನೆ ಸೇರೋ ಹೊತ್ತಿಗೆ ಅದು ಲಸಿಕೆ ಅಲ್ಲ, ಬರೀ ನೀರು. ಮರಿ ಹುಟ್ಟಿದ ಮೊದಲನೇ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ ಹಾಕ್ಬೇಕು, ತಿಂಗಳಾಗ್ತಿದ್ದಂಗೆ ಇನ್ನೊಂದು ಸಲ, ಬೆಳೆದ ಮೇಲೆ ಇಂಜೆಕ್ಷನ್. ಒಂದೊಂದು ಮನೇಲಿ ಮರಿ ಒಂದೊಂದು ದಿನ ಒಡೆಯುತ್ತೆ. ಇದನ್ನೆಲ್ಲಾ ಒಟ್ಟಿಗೆ ಸೇರಿಸಿ, ಒಂದು ದಿನ ಗೊತ್ತು ಮಾಡಿ, ಐಸ್ ಬಾಕ್ಸಲ್ಲಿ ತಂದು ಇಡೀ ಕೇರಿಗೆ ಹಾಕ್ಸೋದು ಒಬ್ಬೊಬ್ಬರ ಕೈಲಾಗೋ ಕೆಲ್ಸ ಅಲ್ಲ, ಅದಕ್ಕೇ ನಿಮ್ಮ ಬಾಗಿಲಿಗೆ ಬಂದಿದ್ದು, ಇಲ್ದಿದ್ರೆ ನಿಮ್ಮ ಬೆಂಚಿನ ಮೇಲೆ ಕೂರೋ ಆಸೆ ನಮಗ್ಯಾರಿಗೂ ಇಲ್ಲ.

ಇನ್ನು ಅರ್ಜಿಗಳ ಕತೆ. ಮೊದಲನೇದು ಕೊಟ್ಟಾಗ ಇದು ಪಶು ವೈದ್ಯರ ಕೆಲ್ಸ, ಅಲ್ಲಿಗೆ ಹೋಗಿ ಅಂದ್ರಿ. ಅಲ್ಲಿಗೆ ಹೋದ್ರೆ ಲಸಿಕೆ ಬಂದಿಲ್ಲ, ಪಂಚಾಯ್ತಿಯಿಂದ ಬೇಡಿಕೆ ಪಟ್ಟಿ ಬಂದ್ರೆ ತರಿಸ್ತೀವಿ ಅಂದ್ರು. ವಾಪಸ್ ಬಂದು ಪಟ್ಟಿ ಕಳಿಸಿ ಅಂದ್ರೆ ಯಾರ ಮನೇಲಿ ಎಷ್ಟು ಕೋಳಿ ಅಂತ ಲೆಕ್ಕ ಕೊಡಿ ಅಂದ್ರಿ. ನಾವೇ ಮನೆ ಮನೆ ತಿರುಗಿ ಲೆಕ್ಕ ಬರ್ಕೊಂಡು ಬಂದು ಕೊಟ್ವಿ. ಆ ಹಾಳೆ ಏನಾಯ್ತೋ ಗೊತ್ತಿಲ್ಲ, ಮುಂದಿನ ಸಲ ಹೋದಾಗ ಬೇರೆ ಗುಮಾಸ್ತರು ಕೂತಿದ್ರು, ಅವರು ಲೆಕ್ಕ ಕೊಡಿ ಅಂದ್ರು. ಮತ್ತೆ ಕೊಟ್ವಿ. ಆಗ ಸಾಹೇಬರು ಮೀಟಿಂಗಲ್ಲಿದ್ರು. ಆಮೇಲೆ ಚುನಾವಣೆ, ನೀತಿ ಸಂಹಿತೆ ಅಂದ್ರು, ನೀತಿ ಸಂಹಿತೆ ಇರೋದು ಕೋಳಿಗಲ್ಲ ಅಂತ ನಮ್ಮೋರೊಬ್ರು ಹೇಳಿದ್ದಕ್ಕೆ ಕಚೇರೀಲಿ ಬಾಯಿ ಮಾಡ್ಬೇಡಿ ಅಂತ ಗದರಿಸಿ ಕಳಿಸಿದ್ರಿ. ಅದಾದ್ಮೇಲೆ ಕೊಟ್ಟ ಅರ್ಜಿಗೆ ಸ್ವೀಕೃತಿ ಕೇಳಿದ್ರೆ ಸೀಲು ಬೀರೂಲಿದೆ, ಬೀಗದ ಕೈ ಇನ್ನೊಬ್ರ ಹತ್ರ ಇದೆ ಅಂತ ಉತ್ತರ. ಆ ಇನ್ನೊಬ್ರನ್ನ ನಾವ್ಯಾರೂ ಇವತ್ತಿನವರೆಗೂ ಕಣ್ಣಲ್ಲಿ ನೋಡಿಲ್ಲ.

ಇಷ್ಟೆಲ್ಲಾ ಆದ್ಮೇಲೆ ಒಂದೇ ಒಂದು ಸಲ ಲಸಿಕೆ ಕ್ಯಾಂಪ್ ಮಾಡಿದ್ರಿ, ಅದನ್ನ ಹೇಳ್ದೆ ಇದ್ರೆ ತಪ್ಪಾಗುತ್ತೆ. ಹಿಂದಿನ ರಾತ್ರಿ ಎಂಟು ಗಂಟೆಗೆ ಸುದ್ದಿ ಬಂತು. ಕೋಳಿ ಹಿಡಿಯೋದು ಕತ್ತಲಲ್ಲಿ, ಗೂಡಲ್ಲಿದ್ದಾಗ, ಬೆಳಕಾಗಿ ಬಿಟ್ಟ ಮೇಲೆ ಯಾರಪ್ಪನ ಕೈಗೂ ಸಿಗಲ್ಲ, ಇದು ಕೋಳಿ ಸಾಕೋ ಮನೆ ಮಗೂಗೂ ಗೊತ್ತು. ಬಂದೋರು ಬಂದಿದ್ದು ಹನ್ನೊಂದೂವರೆಗೆ. ಕೋಳಿ ಹಿಡಿಯೋಕಾಗಲ್ಲ ಅಂತ ಕುಡಿಯೋ ನೀರಲ್ಲಿ ಬೆರೆಸಿ ಕೊಡಿ ಅಂದ್ರು. ಸರಿ, ಅದೂ ಒಂದು ಪದ್ಧತಿ. ಆದ್ರೆ ಬೆರೆಸಿದ್ದು ಯಾವ ನೀರಿಗೆ? ಅವತ್ತೇ ಬೆಳಿಗ್ಗೆ ಬ್ಲೀಚಿಂಗ್ ಪೌಡರ್ ಸುರಿದು ಬಿಟ್ಟಿದ್ದ ಟ್ಯಾಂಕಿನ ನಲ್ಲಿ ನೀರಿಗೆ, ಬಕೆಟ್ ಹತ್ರ ಬಗ್ಗಿದ್ರೆ ಮೂಗಿಗೆ ಹೊಡೀತಿತ್ತು. ಲಸಿಕೇಲಿ ಇರೋದು ಜೀವ ಇರೋ ವೈರಸ್ಸು, ಕ್ಲೋರಿನ್ ತಾಗಿದ್ರೆ ಸತ್ತೇ ಹೋಗುತ್ತೆ, ಬಾವಿ ನೀರು ಇಲ್ಲೇ ಇದೆ ತಗೊಳ್ಳಿ ಅಂತ ಒಬ್ಬ ಅಜ್ಜಿ ಹೇಳಿದ್ರೂ ಕೇಳ್ಲಿಲ್ಲ. ಫೋಟೋ ತಗೊಂಡ್ರು, ಹೋದ್ರು. ಮುಂದೆ ರೋಗ ಬಂದಾಗ ಫೋನ್ ಮಾಡಿದ್ರೆ, ನಿಮ್ಮ ಕೇರಿ ನಮ್ಮ ರಿಜಿಸ್ಟರಲ್ಲಿ ಪೂರ್ತಿ ಲಸಿಕೆ ಆಗಿದೆ, ಆ ರೋಗ ಬರೋಕೆ ಸಾಧ್ಯಾನೇ ಇಲ್ಲ ಅಂದ್ರು. ರಿಜಿಸ್ಟರಲ್ಲಿರೋ ಕೋಳಿಗಳೆಲ್ಲಾ ಆರೋಗ್ಯವಾಗಿವೆ, ಸಂತೋಷ. ಸತ್ತಿದ್ದು ಹಿತ್ತಲಲ್ಲಿದ್ದವು.

ಕಚೇರಿ ಗೋಡೆ ಮೇಲೆ ನೀವೇ ಒಂದು ಪೋಸ್ಟರ್ ಅಂಟಿಸಿದೀರಿ, ಕೋಳಿ ಇದ್ದಕ್ಕಿದ್ದ ಹಾಗೆ ಸತ್ರೆ ಕೂಡಲೇ ತಿಳಿಸಿ, ಹಕ್ಕಿ ಜ್ವರ ಇರಬಹುದು ಅಂತ. ತಿಳಿಸಿದೀವಿ. ಅದರಲ್ಲಿರೋ ನಂಬರ್ ಚಾಲ್ತಿಯಲ್ಲಿಲ್ಲ. ಹಕ್ಕಿ ಜ್ವರ ತಮಾಷೆ ಅಲ್ಲ, 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನಕ್ಕೆ ತಗುಲಿ 6 ಜನ ಹೋದ್ರು, ಆಮೇಲೆ ಅಲ್ಲಿನ ಕೋಳಿಗಳನ್ನೆಲ್ಲಾ ಕೊಂದು ಹಾಕಿದ್ರು. ನಮ್ಮಲ್ಲಿ ಸಾಯ್ತಿರೋದು ಕೊಕ್ಕರೆ ರೋಗದಿಂದ ಅಂತ ನಾವು ಲಕ್ಷಣ ನೋಡಿ ಹೇಳ್ತೀವಿ ಅಷ್ಟೇ, ಎರಡೂ ರೋಗದ ಲಕ್ಷಣ ಒಂದೇ ಥರ ಕಾಣಬಹುದು, ಲ್ಯಾಬಿಗೆ ಕಳಿಸಿದ್ರೆ ತಾನೇ ಗೊತ್ತಾಗೋದು? ಒಂದು ಸತ್ತ ಕೋಳೀನೂ ಇದುವರೆಗೆ ಯಾರೂ ಪರೀಕ್ಷೆಗೆ ಒಯ್ದಿಲ್ಲ. ನಾಳೆ ನಿಜವಾಗ್ಲೂ ಅದೇ ಬಂದ್ರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಜೀಪಲ್ಲಿ ಬರ್ತೀರಿ.

ರೋಗ ಎಲ್ಲಿಂದ ಬರ್ತಿದೆ ಅನ್ನೋದು ಇನ್ನೊಂದು ಮುಖ್ಯ ವಿಷಯ, ನಿಮಗೆ ಹಿಡಿಸದ ವಿಷಯ. ಕೇರಿ ಕೊನೇಲಿ ಚರಂಡಿ ಮುಗಿಯೋ ಕಡೆ ರಾತ್ರಿ ಹೊತ್ತು ಮೂಟೆ ಮೂಟೆ ಸತ್ತ ಕೋಳಿ, ಪುಕ್ಕ, ಕರುಳು ತಂದು ಸುರೀತಾರೆ. ಯಾರು ಸುರೀತಾರೆ, ಯಾವ ಗಾಡೀಲಿ ತರ್ತಾರೆ ಅಂತ ಊರಿಗೆಲ್ಲಾ ಗೊತ್ತು, ಕಚೇರಿಗೆ ಮಾತ್ರ ಗೊತ್ತಿಲ್ಲ. ಗಾಡಿ ಫೋಟೋ ತಂದು ತೋರಿಸಿದ್ರೆ ನಂಬರ್ ಪ್ಲೇಟ್ ಸರಿಯಾಗಿ ಕಾಣಲ್ಲ ಅಂದ್ರಿ, ಅಲ್ಲಿ ಬೀದಿ ದೀಪ ಉರಿದ್ರೆ ತಾನೇ ಕಾಣೋದು. ಸತ್ತ ಕೋಳಿ ಮೈಯಲ್ಲಿ, ಹಿಕ್ಕೇಲಿ ವೈರಸ್ಸು ಉಳ್ಕೊಂಡಿರುತ್ತೆ, ನಾಯಿ ಕಾಗೆ ಎಳ್ಕೊಂಡು ಬಂದು ಹಿತ್ತಲಲ್ಲಿ ಹಾಕ್ತವೆ, ನಮ್ಮ ಕೋಳಿ ಹೋಗಿ ಅದನ್ನೇ ಕೆದಕ್ತವೆ. ವೈರಸ್ಸು ಮೈಗೆ ಹೊಕ್ಕ ಮೇಲೆ ರೋಗ ಕಾಣಿಸ್ಕೊಳ್ಳೋಕೆ ಸಾಮಾನ್ಯವಾಗಿ ಐದಾರು ದಿನ ಸಾಕು.

ಮತ್ತೆ ಆ ನಾಯಿಗಳು. ಹಸಿ ಕೋಳಿ ರುಚಿ ಹತ್ತಿದ ನಾಯಿಗೆ ಚರಂಡಿ ಯಾವುದು ಗೂಡು ಯಾವುದು ಅನ್ನೋ ಭೇದ ಇಲ್ಲ. ಮುಂಗುಸಿ, ಹದ್ದು, ಹೆಗ್ಗಣ ನಮಗೆ ಹೊಸದಲ್ಲ, ಅವುಗಳ ಬಗ್ಗೆ ನಾವು ಯಾವತ್ತೂ ಅರ್ಜಿ ಕೊಟ್ಟಿಲ್ಲ, ಕೋಳಿ ಸಾಕಿದ್ಮೇಲೆ ಅದು ಇದ್ದದ್ದೇ. ಮುಂಗುಸಿ ಬಂದ್ರೆ ಒಂದೋ ಎರಡೋ ಹೋಗುತ್ತೆ. ನಾಯಿ ಹಿಂಡು ಮೆಶ್ ಕಿತ್ತು ನುಗ್ಗಿದ್ರೆ ತಿನ್ನೋದು ಒಂದು, ಕೊಂದು ಬಿಸಾಕೋದು ಉಳಿದದ್ದೆಲ್ಲಾ. ಈಗ ಮಕ್ಕಳು ಸ್ಕೂಲಿಗೆ ಹೋಗೋಕೂ ಕೋಲು ಹಿಡ್ಕೊಂಡು ಹೋಗ್ತಿವೆ. ಯಾರಿಗಾದ್ರೂ ಕಚ್ಚಿದ ಮೇಲೆ ಮಾತಾಡೋಣ ಅಂತ ಕಾಯ್ತಿದ್ರೆ ಈಗ್ಲೇ ಹೇಳ್ಬಿಡಿ.

ಸತ್ತ ಕೋಳಿ ಹೂಳೋಕೆ ಒಂದು ಗುಂಡಿ ತೋಡ್ಸಿ, ಸುಣ್ಣ ಕೊಡಿ, ನಾಯಿ ಕೆದಕದ ಹಾಗೆ ಮುಚ್ಚಳ ಮಾಡ್ಸಿ ಅಂತ ಕೇಳಿದ್ವಿ. ಗುಂಡಿ ತೋಡಿದ್ರಿ, ಸರಿಯಾಗಿ ಬಾವಿ ಮಗ್ಗುಲಲ್ಲೇ! ಬಾವಿಗೆ ಇಳಿಯುತ್ತೆ ಅಂತ ಗಲಾಟೆ ಮಾಡಿದ್ಮೇಲೆ ಅರ್ಧಕ್ಕೇ ಬಿಟ್ಟು ಹೋದ್ರಿ. ಈಗ ಅದು ಮಳೆ ನೀರು ತುಂಬಿ ಸೊಳ್ಳೆ ಸಾಕೋ ಗುಂಡಿ. ಸೊಳ್ಳೆ ಕಚ್ಚಿ ಕೋಳಿ ಸಿಡುಬು ಹರಡುತ್ತೆ ಅನ್ನೋದು ನಿಮ್ಮ ಗಮನಕ್ಕೆ, ಜುಟ್ಟಿನ ಮೇಲೆ, ರೆಪ್ಪೆ ಮೇಲೆ ಗುಳ್ಳೆ ಎದ್ದು ಕಣ್ಣು ಅಂಟ್ಕೊಂಡು ಕಾಣದೆ ಮೂಲೆ ಹಿಡೀತವೆ. ಒಂದು ಕೆಲ್ಸ ಕೇಳಿದ್ದಕ್ಕೆ ಇನ್ನೊಂದು ರೋಗ ಕೊಟ್ರಿ.

ಕರೆಂಟಿನ ವಿಷಯ ನಿಮ್ಮದಲ್ಲ ಅಂತೀರಿ, ಇರ್ಲಿ, ಆದ್ರೆ ಮೇಲಿನೋರಿಗೆ ಒಂದು ಪತ್ರ ಬರೆಯೋ ಕೆಲ್ಸ ನಿಮ್ಮದು. ತಾಯಿ ಇಲ್ಲದ ಮರಿಗೆ ಮೊದಲ ವಾರ 35 ಡಿಗ್ರಿ ಹತ್ರ ಬೆಚ್ಚಗಿರ್ಬೇಕು, ಬಲ್ಬ್ ಹಾಕಿ ಸಾಕ್ತೀವಿ. ರಾತ್ರಿ ಹೇಳದೆ ಕೇಳದೆ ಕರೆಂಟ್ ತೆಗೆದ್ರೆ ಮರಿಗಳು ಚಳಿಗೆ ಒಂದರ ಮೇಲೊಂದು ಮೂಲೆಗೆ ಒತ್ಕೊಂಡು ಕೆಳಗಿರೋವು ಉಸಿರು ಕಟ್ಟಿ ಸಾಯ್ತವೆ. ಟೈಂ ಟೇಬಲ್ ಆದ್ರೂ ಕೊಟ್ರೆ ಬಿಸಿನೀರಿನ ಬಾಟ್ಲಿ ಇಟ್ಕೊಂಡು ಕಾಯ್ತೀವಿ.

ಇಷ್ಟೆಲ್ಲಾ ಅರ್ಜಿಗೆ ಸಿಗದ ಉತ್ತರ, ನಾವು ಕೇಳದೇ ಇದ್ದ ವಿಷಯಕ್ಕೆ ಮಾತ್ರ ಅಂಚೇಲಿ ಬಂತು. ಹೊಸದಾಗಿ ಮನೆ ಕಟ್ಕೊಂಡು ಬಂದಿರೋ ಒಬ್ರು ಹುಂಜ ಕೂಗಿ ನಿದ್ದೆ ಕೆಡುತ್ತೆ ಅಂತ ದೂರು ಕೊಟ್ರಂತೆ, ವಾರ ತುಂಬೋದ್ರೊಳಗೆ ಸೀಲು, ಸಹಿ, ನಂಬರ್ ಸಮೇತ ನಮಗೆ ನೋಟೀಸು! ಬೀರು ಬೀಗದ ಕೈ ಅವತ್ತು ಸಿಕ್ಕಿತ್ತು ಅನ್ಸುತ್ತೆ. ಹುಂಜ ಕೂಗೋದು ಅದರ ಮೈಯೊಳಗಿನ ಗಡಿಯಾರದ ಪ್ರಕಾರ, 2013ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಮಂದ ಬೆಳಕಲ್ಲೇ ಇಟ್ಟು ಪರೀಕ್ಷೆ ಮಾಡಿ ತೋರಿಸಿದಾರೆ, ನೋಟೀಸ್ ಓದಿ ನಿಲ್ಲಿಸಲ್ಲ. ಅವರೇ ಹೇಳಿರೋ ಇನ್ನೊಂದು ಮಾತು, ಬೆಳಕು ಬಿದ್ರೂ ಅದು ಕೂಗುತ್ತೆ. ಚರಂಡಿ ಹತ್ರ ಬೇಕಾದ ದೀಪ ಉರಿಯಲ್ಲ, ಗೂಡುಗಳ ಮೇಲಿರೋ ಕಂಬದ ದೀಪ ರಾತ್ರಿಯೆಲ್ಲಾ ಮಿಣುಕು ಮಿಣುಕು ಅಂತ ಹತ್ತಿ ಆರ್ತಿರುತ್ತೆ. ಆ ನೋಟೀಸು ಯಾರಿಗೆ ಹೋಗ್ಬೇಕಿತ್ತು ಅಂತ ನೀವೇ ಯೋಚ್ನೆ ಮಾಡಿ.

ಆದ್ದರಿಂದ ತಾವು ದಯಮಾಡಿ ಮಾಡ್ಬೇಕಾದ್ದು ಇಷ್ಟು. ಲಸಿಕೆಗೆ ದಿನ ಮೊದಲೇ ಗೊತ್ತು ಮಾಡಿ ಒಂದು ವಾರ ಮುಂಚೆ ಡಂಗುರ ಹೊಡ್ಸಿ, ಬೆಳಕು ಹರಿಯೋಕೆ ಮುಂಚೆ ಬನ್ನಿ, ಐಸ್ ಬಾಕ್ಸಲ್ಲಿ ತನ್ನಿ, ಬ್ಲೀಚಿಂಗ್ ಹಾಕಿದ ನೀರು ಮುಟ್ಬೇಡಿ. ಶಾಖ ತಡ್ಕೊಳ್ಳೋ ಐ-2 ಅನ್ನೋ ಲಸಿಕೆ ಆಸ್ಟ್ರೇಲಿಯಾದಲ್ಲಿ ಹಳ್ಳಿ ಕೋಳಿಗಳಿಗೆ ಅಂತಾನೇ ತಯಾರಾಗಿದೆ, ಆಫ್ರಿಕಾದ ಹಳ್ಳಿಗಳಲ್ಲಿ ತರಬೇತಿ ತಗೊಂಡ ಊರಿನವರೇ ನಾಲ್ಕು ತಿಂಗಳಿಗೊಮ್ಮೆ ಕಣ್ಣಿಗೆ ಒಂದು ಹನಿ ಹಾಕ್ತಾರೆ. ಅದು ಸಿಗುತ್ತಾ ಅಂತ ಪಶು ವೈದ್ಯರನ್ನ ಕೇಳಿ ಬರವಣಿಗೇಲಿ ಉತ್ತರ ಕೊಡಿ, ನಮ್ಮ ಕೇರಿ ಇಬ್ಬರು ಹೆಂಗಸರಿಗೆ ಹನಿ ಹಾಕೋದು ಕಲಿಸಿ, ಆಮೇಲೆ ನಿಮ್ಮ ಜೀಪಿನ ದಾರಿ ನಾವು ಕಾಯಲ್ಲ. ಚರಂಡಿಗೆ ಸುರಿಯೋ ಗಾಡಿ ಹಿಡಿದು ದಂಡ ಹಾಕಿ. ಬಾವಿ ಪಕ್ಕದ ಗುಂಡಿ ಮುಚ್ಚಿ, ದೂರದಲ್ಲಿ ಆಳವಾಗಿ ಇನ್ನೊಂದು ತೋಡ್ಸಿ. ನಾಯಿಗಳಿಗೆ ಸಂತಾನ ಹರಣ ಆಪರೇಷನ್ನು, ಹುಚ್ಚು ನಾಯಿ ರೋಗದ ಲಸಿಕೆ ಮಾಡ್ಸಿ, ವಿಷ ಇಡ್ಸೋ ಕೆಲ್ಸ ಬೇಡ, ಅದನ್ನ ತಿಂದು ನಮ್ಮ ಕೋಳೀನೂ ಸಾಯ್ತವೆ. ಎರಡು ದೀಪದ ವಿಷಯ ಮೇಲೆ ಬರೆದಿದೀವಿ. ಪೋಸ್ಟರಲ್ಲಿರೋ ನಂಬರ್ ಬದಲಾಯಿಸಿ, ಇದಕ್ಕಂತೂ ಅನುದಾನ ಬೇಕಿಲ್ಲ, ಒಂದು ಪೆನ್ನು ಸಾಕು.

ಮುಂದಿನ ಗ್ರಾಮಸಭೆ ಒಳಗೆ ಲಸಿಕೆ ದಿನ ನೋಟೀಸ್ ಬೋರ್ಡಿಗೆ ಬರ್ದೇ ಇದ್ರೆ ಸಭೆಗೆ ನಾವೆಲ್ಲಾ ಬರ್ತೀವಿ, ಹುಂಜಗಳನ್ನೂ ಕರ್ಕೊಂಡು ಬರ್ತೀವಿ. ಈ ಪತ್ರಕ್ಕೆ ಸ್ವೀಕೃತಿ ಸೀಲು ಹಾಕಿ ಇವತ್ತೇ ಕೊಡೋದು, ಕೊಡೋವರೆಗೂ ಪತ್ರ ತಂದೋರು ಕಚೇರಿ ಬಿಟ್ಟು ಏಳಲ್ಲ.

ಇಂತಿ,
ಕೆಳಗಿನ ಕೇರಿಯ ನಿವಾಸಿಗಳು
(ಸಹಿ ಮತ್ತು ಹೆಬ್ಬೆಟ್ಟು ಹಿಂದಿನ ಪುಟದಲ್ಲಿ)

ಲಗತ್ತು: ಮನೆವಾರು ಕೋಳಿ ಲೆಕ್ಕ, ಮತ್ತೊಂದು ಸಲ. ಈ ಸಲ ಜೆರಾಕ್ಸ್ ನಮ್ಮ ಹತ್ರಾನೂ ಇದೆ.