ಆಟದ ಅಂಕ ಮೆದುಳಿನ ಅಂಕವಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಣಿಜ್ಯ ಪುಟದಲ್ಲಿ ಮೆದುಳಿಗೆ ತರಬೇತಿ ಕೊಡುವ ಆನ್‌ಲೈನ್ ಕಂಪನಿಯೊಂದರ ಕುರಿತು ಮೂರು ಕಾಲಂ ಸುದ್ದಿ ಬಂದಿತ್ತು. ಹೊಸ ಆಟಗಳು ಸೇರಿವೆ, ಸದಸ್ಯರ ಬಳಗ ಬೆಳೆದಿದೆ, ವಯಸ್ಸಾದವರೂ ಉತ್ಸಾಹದಿಂದ ಆಡುತ್ತಿದ್ದಾರೆ ಎಂಬುದು ಅದರ ಸಾರ. ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಇದನ್ನು ಎಲ್ಲೋ ಓದಿದ್ದೇನಲ್ಲ ಅನ್ನಿಸಿತು. ಮೇಲ್ ತೆರೆದು ನೋಡಿದರೆ, ಅದೇ ಕಂಪನಿ ನನ್ನಂಥ ಚಂದಾದಾರರಿಗೆ ಕಳಿಸಿದ್ದ ತಿಂಗಳ ಸುದ್ದಿಪತ್ರ! ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ನಿಮ್ಮವರು ಸೇರಿಸಿದ್ದು ಎರಡು ಅಲ್ಪವಿರಾಮ, ತೆಗೆದದ್ದು ಒಂದು ಉದ್ಗಾರ ಚಿಹ್ನೆ. ಇನ್ನೊಂದು ವ್ಯತ್ಯಾಸವೂ ಇದೆ, ಅದನ್ನು ಕೊನೆಗೆ ಹೇಳುತ್ತೇನೆ. 30 ವರ್ಷ ಕರಡು ತಿದ್ದಿ ನಿವೃತ್ತನಾದವನ ಕಣ್ಣು ಇದು, ಸುಮ್ಮನಿರುವುದಿಲ್ಲ. ಕಂಪನಿ ತನ್ನ ಬಗ್ಗೆ ತಾನೇ ಬರೆದುಕೊಂಡದ್ದಕ್ಕೆ 'ನಮ್ಮ ಪ್ರತಿನಿಧಿಯಿಂದ' ಎಂಬ ತಲೆಪಟ್ಟಿ ಹೇಗೆ ಬಂತು ಎಂದು ಕೇಳೋಣವೆಂದು ಪತ್ರ ಶುರು ಮಾಡಿದೆ. ಬರೆಯುತ್ತಾ ಹೋದಂತೆ ದೂರು ಬೆಳೆಯಿತು.

ನಾನು ಆ ಕಂಪನಿಯ ಶತ್ರುವಲ್ಲ, ಗಿರಾಕಿ. 14 ತಿಂಗಳಿಂದ ದಿನಾ ಬೆಳಿಗ್ಗೆ ಕಾಲು ಗಂಟೆ ಆಡುತ್ತಿದ್ದೇನೆ. ನನಗೆ ಇಷ್ಟವಾದ ಆಟದಲ್ಲಿ ಪರದೆಯ ಮೇಲೆ ಚೌಕಗಳ ಮನೆ ಮೂಡುತ್ತದೆ. ಕೆಲವು ಚೌಕಗಳು ಒಂದು ಕ್ಷಣ ನೀಲಿಯಾಗಿ ಬೆಳಗಿ ಆರಿಹೋಗುತ್ತವೆ. ಯಾವುವು ಬೆಳಗಿದವು ಎಂದು ನೆನಪಿಟ್ಟು ಮುಟ್ಟಬೇಕು. ಮೊದಮೊದಲು ಐದಕ್ಕೇ ತಡವರಿಸುತ್ತಿದ್ದವನು ಈಗ ಹನ್ನೆರಡಕ್ಕೆ ಬಂದಿದ್ದೇನೆ. ನೆನಪಿನ ಶಕ್ತಿ ಹೆಚ್ಚಿದೆ ಎಂದು ಸುದ್ದಿಪತ್ರ ಅಭಿನಂದಿಸುತ್ತದೆ. ಆದರೆ ಗುಟ್ಟು ನನಗೆ ಗೊತ್ತು. ಚೌಕಗಳನ್ನು ಒಂದೊಂದಾಗಿ ನೋಡುವುದನ್ನು ಬಿಟ್ಟು ಅಕ್ಷರಗಳಂತೆ ನೋಡಲು ಕಲಿತುಬಿಟ್ಟೆ: ಇದು ತಲೆಕಟ್ಟು ಇಲ್ಲದ 'ಗ', ಇದು ಅಡ್ಡಬಿದ್ದ 'ಣ', ಇದು ಬರೀ ಒಂದು ಕೊಂಬು. ಅಚ್ಚುಮೊಳೆಗಳ ನಡುವೆ ಬದುಕಿದವನಿಗೆ ತಾನಾಗಿ ಹೊಳೆಯುವ ಉಪಾಯ. ಯಾವ ಅಕ್ಷರಕ್ಕೂ ಹೊಂದದ ಆಕಾರ ಬಂತೋ, ಇಂದಿಗೂ ಆರಕ್ಕೇ ಮುಗ್ಗರಿಸುತ್ತೇನೆ. ಇನ್ನು ಬ್ಯಾಂಕಿನಿಂದ ಆರು ಅಂಕಿಯ ಒಟಿಪಿ ಬಂದಾಗ ಮೊದಲ ಮೂರನ್ನು ಒತ್ತಿ, ಉಳಿದ ಮೂರಕ್ಕೆ ಮತ್ತೆ ಸಂದೇಶದ ಬಳಿ ಓಡಿಹೋಗಿ ಬರುವ ಪಾಡು 14 ತಿಂಗಳ ಹಿಂದೆ ಹೇಗಿತ್ತೋ ಹಾಗೆಯೇ ಇದೆ.

ಇದು ನನ್ನೊಬ್ಬನ ಮಂದಬುದ್ಧಿಯ ಕಥೆ ಎಂದುಕೊಳ್ಳಬೇಡಿ. 1980ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಒಬ್ಬ ವಿದ್ಯಾರ್ಥಿಯ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಂದೊಂದಾಗಿ ಓದಿ ಹೇಳಿದ ಅಂಕಿಗಳನ್ನು ಅವನು ಅದೇ ಕ್ರಮದಲ್ಲಿ ಒಪ್ಪಿಸಬೇಕಿತ್ತು. ಶುರುವಿನಲ್ಲಿ ಎಲ್ಲರಂತೆ ಏಳು ಅಂಕಿ ಒಪ್ಪಿಸುತ್ತಿದ್ದ. ಸುಮಾರು 230 ಗಂಟೆಗಳ ಅಭ್ಯಾಸವಾದ ಮೇಲೆ 79ಕ್ಕೆ ಮುಟ್ಟಿದ. ಹುಡುಗ ಓಟಗಾರ. 3492 ಎಂದು ಕೇಳಿದರೆ ಅವನ ತಲೆಯಲ್ಲಿ ಅದು 3 ನಿಮಿಷ 49.2 ಸೆಕೆಂಡು, ಅಂದರೆ ಮೈಲಿ ಓಟದ ಆಗಿನ ವಿಶ್ವದಾಖಲೆಗೆ ಹತ್ತಿರದ ಸಮಯ. ಹೀಗೆ ಗಂಟು ಕಟ್ಟಿ ಇಟ್ಟುಕೊಳ್ಳುತ್ತಿದ್ದ. ಆಮೇಲೆ ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟು ನೋಡಿದರು. ನೆನಪಿನಲ್ಲಿ ಉಳಿದದ್ದು ಆರು. ಬೆಳೆದದ್ದು ಆ ಉಪಾಯವೇ ಹೊರತು ನೆನಪಿನ ಉಗ್ರಾಣವಲ್ಲ. ಅವನಿಗೆ ಓಟ, ನನಗೆ ಅಚ್ಚುಮೊಳೆ!

ಒಬ್ಬ ಓಟಗಾರ, ಒಬ್ಬ ಕರಡು ತಿದ್ದುಗ, ಇಷ್ಟರಿಂದ ಏನನ್ನೂ ತೀರ್ಮಾನಿಸಲಾಗದು ಎಂದರೆ ಒಪ್ಪುತ್ತೇನೆ. ಬ್ರಿಟನ್ನಿನಲ್ಲಿ ಬಿಬಿಸಿಯ ನೆರವಿನಿಂದ 11,430 ಜನರು ಆರು ವಾರ ಇಂಥ ಆಟಗಳನ್ನು ಆನ್‌ಲೈನ್‌ನಲ್ಲಿ ಆಡಿದರು. ಫಲಿತಾಂಶ 2010ರಲ್ಲಿ 'ನೇಚರ್' ನಿಯತಕಾಲಿಕದಲ್ಲಿ ಬಂತು. ಆಡಿದ ಆಟಗಳಲ್ಲೆಲ್ಲ ಜನ ಪಳಗಿದರು. ಆಡದ ಪರೀಕ್ಷೆಗಳಿಗೆ, ಅವು ಆ ಆಟಗಳಿಗೆ ತೀರಾ ಹತ್ತಿರದವಾಗಿದ್ದರೂ, ಆ ಪಳಗಿಕೆ ದಾಟಿದ್ದಕ್ಕೆ ಪುರಾವೆ ಸಿಗಲಿಲ್ಲ. ಈ ತಕರಾರು ಹೊಸದೂ ಅಲ್ಲ. ಆಯತಗಳ ವಿಸ್ತೀರ್ಣವನ್ನು ಕಣ್ಣಂದಾಜಿನಲ್ಲಿ ಹೇಳಲು ಪಳಗಿದವರು ಬೇರೆ ಆಕಾರ ಕಂಡಾಗ ಅಷ್ಟೇನೂ ಸುಧಾರಿಸಿರುವುದಿಲ್ಲ ಎಂದು ಮನೋವಿಜ್ಞಾನಿಗಳಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲೇ ತೋರಿಸಿದ್ದರು.

ಈಗ ಸುದ್ದಿಪತ್ರಕ್ಕೆ ಬರುತ್ತೇನೆ. ಈ 14 ತಿಂಗಳ ಸುದ್ದಿಪತ್ರಗಳನ್ನು ಹಳೆಯ ಚಟದಂತೆ ಕೆಂಪು ಪೆನ್ನು ಹಿಡಿದು ಓದಿದ್ದೇನೆ. ಅವರು ಎಣಿಸದ ವಸ್ತುವಿಲ್ಲ. ಎಷ್ಟು ದಿನ ತಪ್ಪದೆ ಆಡಿದೆ, ಎಷ್ಟು ಆಟ ಮುಗಿಸಿದೆ, ನನ್ನ ವಯಸ್ಸಿನವರಲ್ಲಿ ನೂರಕ್ಕೆ ಎಷ್ಟು ಮಂದಿಯನ್ನು ಹಿಂದಿಕ್ಕಿದೆ, ಎಲ್ಲಕ್ಕೂ ಲೆಕ್ಕವಿದೆ. (ಈ ಹಿಂದಿಕ್ಕುವ ಲೆಕ್ಕದಲ್ಲಿ ನಿನ್ನೆ ತಾನೇ ಸೇರಿದವರೂ ಇರುತ್ತಾರೋ ಏನೋ. ವರ್ಷಗಟ್ಟಲೆ ಆಡಿದವನು ಅವರನ್ನು ಹಿಂದಿಕ್ಕಿದರೆ ಅದರಲ್ಲಿ ಮೆದುಳಿನ ಹೆಚ್ಚುಗಾರಿಕೆ ಏನು?) ಆಟದ ಹೊರಗೆ ನನಗಾಗಲಿ, ಇನ್ನೊಬ್ಬರಿಗಾಗಲಿ ಏನು ಬದಲಾಯಿತು ಎಂಬ ಒಂದು ಲೆಕ್ಕ ಮಾತ್ರ ಯಾವ ಸಂಚಿಕೆಯಲ್ಲೂ ಇಲ್ಲ. ಆ ಜಾಗದಲ್ಲಿ 'ನಮ್ಮ ಬಳಗದಿಂದ' ಎಂಬ ಅಂಕಣವಿರುತ್ತದೆ. ನೆನಪು ಮರಳಿದ ಅಜ್ಜಿ, ಪರೀಕ್ಷೆಯಲ್ಲಿ ಗೆದ್ದ ಹುಡುಗ, ನಗುಮುಖದ ಫೋಟೊ. ಆಡಿ ಬೇಸರಗೊಂಡು ಬಿಟ್ಟವರು ಯಾರೂ ಅಲ್ಲಿ ಬರೆಯುವುದಿಲ್ಲ. ಬಿಟ್ಟವರು ಬಳಗದಲ್ಲೇ ಇರುವುದಿಲ್ಲವಲ್ಲ.

ಇಂಥ ಅನುಭವಕಥನಗಳು ಹೇಗೆ ಹುಟ್ಟಬಹುದು ಎಂಬುದಕ್ಕೆ ದಾಖಲೆಯಿದೆ. ನನ್ನ ಕಂಪನಿಯದ್ದಲ್ಲ, ಈ ವ್ಯಾಪಾರದ ದೊಡ್ಡ ಹೆಸರಾದ ಲುಮಾಸಿಟಿಯದು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಆಯೋಗ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪಗಳಲ್ಲಿ ಇದೂ ಒಂದಾಗಿತ್ತು: ಐಪ್ಯಾಡ್, ಆಜೀವ ಚಂದಾ, ಸ್ಯಾನ್ ಫ್ರಾನ್ಸಿಸ್ಕೋ ಪ್ರವಾಸದಂಥ ಬಹುಮಾನಗಳ ಆಸೆ ತೋರಿಸಿದ ಸ್ಪರ್ಧೆಗಳಿಂದ ಪ್ರಶಂಸೆಗಳನ್ನು ಸಂಗ್ರಹಿಸಿ, ಆ ಸಂಗತಿಯನ್ನು ಓದುಗರಿಗೆ ತಿಳಿಸಿರಲಿಲ್ಲ. ಮುಖ್ಯ ಆರೋಪ ಇನ್ನೂ ದೊಡ್ಡದು. ಕೆಲಸದಲ್ಲಿ, ಶಾಲೆಯಲ್ಲಿ ಚುರುಕಾಗುತ್ತೀರಿ, ವಯಸ್ಸಿನ ಮರೆವನ್ನು ಮುಂದೂಡುತ್ತೀರಿ ಎಂಬ ಮಾತುಗಳಿಗೆ ಕಂಪನಿಯ ಬಳಿ ವೈಜ್ಞಾನಿಕ ಆಧಾರವಿರಲಿಲ್ಲ ಎಂದು ಆಯೋಗ ಹೇಳಿತು. 2016ರ ಜನವರಿಯಲ್ಲಿ ಕಂಪನಿ 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಮರೆವು, ಡಿಮೆನ್ಶಿಯಾ, ಅಲ್‌ಝೈಮರ್ಸ್ ಮುಂತಾದ ನೂರಾರು ಪದಗಳನ್ನು ಯಾರೇ ಗೂಗಲ್‌ನಲ್ಲಿ ಹುಡುಕಿದರೂ ತನ್ನ ಜಾಹೀರಾತು ಕಾಣಿಸುವಂತೆ ಅದು ದುಡ್ಡು ತೆತ್ತಿದ್ದ ಸಂಗತಿಯೂ ಆಯೋಗದ ಕಡತದಲ್ಲಿದೆ.

ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಕಡತ ಮುಚ್ಚಿಟ್ಟೆ. ನಮ್ಮಣ್ಣನಿಗೆ ಮರೆವಿನ ಕಾಯಿಲೆ ಎಂದು ವೈದ್ಯರು ಹೇಳಿದ ದಿನ ರಾತ್ರಿ ಹನ್ನೊಂದಕ್ಕೆ ನಾನು ಹುಡುಕಿದ್ದೂ ಆ ಪದಗಳಲ್ಲೇ ಒಂದನ್ನು. ಪುಟದ ನೆತ್ತಿಯ ಮೇಲಿದ್ದದ್ದು ನಾನು ಈಗ ಚಂದಾ ಕಟ್ಟುತ್ತಿರುವ ಕಂಪನಿ.

ವಿಜ್ಞಾನಿಗಳೆಲ್ಲ ಒಂದೇ ಕಡೆ ಇದ್ದಾರೆ ಎಂದರೆ ಸುಳ್ಳಾದೀತು. 2014ರಲ್ಲಿ ಸುಮಾರು 70 ಮಂದಿ ಈ ಕಂಪನಿಗಳ ಉತ್ಪ್ರೇಕ್ಷೆಯ ವಿರುದ್ಧ ಹೇಳಿಕೆಗೆ ಸಹಿ ಹಾಕಿದರೆ, ಅದೇ ವರ್ಷದ ಕೊನೆಗೆ ನೂರಕ್ಕೂ ಹೆಚ್ಚು ಮಂದಿ ಅದಕ್ಕೆ ಉತ್ತರ ಬರೆದರು. ಅಮೆರಿಕದ 'ಆಕ್ಟಿವ್' ಎಂಬ ಅಧ್ಯಯನದಲ್ಲಿ 65 ದಾಟಿದ 2,800ಕ್ಕೂ ಹೆಚ್ಚು ಜನರನ್ನು ಗುಂಪು ಮಾಡಿ, ಒಂದು ಗುಂಪನ್ನು ಬಿಟ್ಟು ಉಳಿದವರಿಗೆ ಕೆಲವೇ ವಾರಗಳ ತರಬೇತಿ ಕೊಟ್ಟು, ಎಲ್ಲರನ್ನೂ ಹತ್ತು ವರ್ಷ ಗಮನಿಸಿದರು. ತರ್ಕದಲ್ಲಿ ಮತ್ತು ದೃಷ್ಟಿಯ ಚುರುಕಿನಲ್ಲಿ ತರಬೇತಿ ಪಡೆದವರಿಗೆ ಆಯಾ ಕೌಶಲದಲ್ಲಿ ಲಾಭ ಉಳಿದಿತ್ತು. ನೆನಪಿನ ತರಬೇತಿಯ ಲಾಭ ಅಷ್ಟು ಹೊತ್ತಿಗೆ ಕರಗಿತ್ತು. ಆದ್ದರಿಂದ ಈ ಆಟಗಳೆಲ್ಲ ಬೂಟಾಟಿಕೆ ಎಂದು ನಾನು ಹೇಳುತ್ತಿಲ್ಲ. ಪದಬಂಧ ತುಂಬುವ ಸುಖ ಇವುಗಳಲ್ಲೂ ಇದೆ, ಆ ಸುಖಕ್ಕಾಗಿಯೇ ಆಡುತ್ತೇನೆ. ಪದಬಂಧ ಮಾತ್ರ ಪ್ರತಿ ತಿಂಗಳು ಪತ್ರ ಬರೆದು ನಿಮ್ಮ ಮೆದುಳು ಬೆಳೆಯುತ್ತಿದೆ ಎನ್ನುವುದಿಲ್ಲ, ಅಷ್ಟೇ ವ್ಯತ್ಯಾಸ. ವೈದ್ಯಕೀಯ ನಿಯತಕಾಲಿಕ 'ಲ್ಯಾನ್ಸೆಟ್' ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಡಿಮೆನ್ಶಿಯಾದ ಅಪಾಯ ಹೆಚ್ಚಿಸುವ, ನಾವು ತಡೆಯಬಹುದಾದ 14 ಅಂಶಗಳನ್ನು ಹೆಸರಿಸಿದೆ. ಕಿವಿ ಮಂದವಾಗುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಒಂಟಿತನ ಎಲ್ಲ ಅದರಲ್ಲಿವೆ. ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ ಎಂಬ ಸಾಲನ್ನು ನಾನು ಸುದ್ದಿಪತ್ರದಲ್ಲಿ ಇದುವರೆಗೆ ಕಂಡಿಲ್ಲ. ಕಿವಿಯನ್ನು ಅವರು ಮಾರುವುದಿಲ್ಲ.

ಆದ್ದರಿಂದ ಸಂಪಾದಕರೇ, ಇಂಥ ಸುದ್ದಿ ಮುಂದಿನ ಸಲ ಬಂದಾಗ ನಿಮ್ಮ ಪ್ರತಿನಿಧಿ ಕಂಪನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಲಿ: ಆಡಿದವರಿಗೆ ಆಟದ ಹೊರಗೆ ಏನಾಯಿತು, ಅದನ್ನು ಯಾರ ಜೊತೆ ಹೋಲಿಸಿ ಅಳೆದಿರಿ? ಉತ್ತರ ಬಂದರೆ ಮುಖಪುಟದಲ್ಲೇ ಹಾಕಿ, ಮೊದಲು ಓದುವವನು ನಾನು. ಬರದಿದ್ದರೆ ಮೂರು ಕಾಲಂ ಮೇಲೆ ಸಣ್ಣ ಅಕ್ಷರದಲ್ಲಿಯಾದರೂ 'ಜಾಹೀರಾತು' ಎಂದು ಹಾಕಿ. ಮರೆವಿನ ಭಯದಲ್ಲಿರುವವರು ಕಂಪನಿಯ ಪತ್ರವನ್ನು ಅರ್ಧ ನಂಬುತ್ತಾರೆ, ಪತ್ರಿಕೆಯಲ್ಲಿ ಬಂದದ್ದನ್ನು ಪೂರ್ತಿ ನಂಬುತ್ತಾರೆ. ನಮ್ಮತ್ತಿಗೆ ನಿಮ್ಮ ಆ ವರದಿಯನ್ನು ಕತ್ತರಿಸಿ ಅಣ್ಣನ ಮಾತ್ರೆ ಡಬ್ಬಿಯೊಳಗೆ ಇಟ್ಟುಕೊಂಡಿದ್ದಾರೆ.

ಇಂತಿ ನಿಮ್ಮ ಹಳೆಯ ಓದುಗ,
ಒಬ್ಬ ನಿವೃತ್ತ ಕರಡು ತಿದ್ದುಗ

ಮ.ವಿ.: ಕೊನೆಗೆ ಹೇಳುತ್ತೇನೆ ಎಂದ ವ್ಯತ್ಯಾಸ. ವರದಿಯ ಕಡೆಯ ಸಾಲಿನಲ್ಲಿ 'ನೆನಪಿಗೆ ಮೆರುಗು' ಎಂದಿರಬೇಕಾದ ಕಡೆ 'ನೆನಪಿಗೆ ಮರೆವು' ಎಂದು ಅಚ್ಚಾಗಿದೆ. ಸುದ್ದಿಪತ್ರದಲ್ಲಿ ಸರಿಯಾಗಿಯೇ ಇತ್ತು.