ಲಕ್ಕುಂಡಿಯ ರೋಲು: ಮಗಳಿಗೊಂದು ಪತ್ರ

ಗದಗ
ಗುರುವಾರ, ರಾತ್ರಿ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಲಂಡನ್ನಿಗೆ ಸುಖವಾಗಿ ತಲುಪಿದ ಸುದ್ದಿಯನ್ನು ನಿಮ್ಮವ್ವ ಹೇಳಿದಳು. ಅವಳು ಫೋನನ್ನು ನನ್ನ ಕೈಗೆ ಕೊಡಲು ಬಂದಾಗ ನಾನು ಸ್ಟುಡಿಯೋದ ಶಟರ್ ಎಳೆಯುವ ನೆಪ ಹೇಳಿ ಹೊರಗೆ ಹೋದೆ. ನೀನು ಹೊರಡುವ ಹಿಂದಿನ ರಾತ್ರಿ ನಾವಿಬ್ಬರೂ ಆಡಿದ ಮಾತುಗಳನ್ನು ಇಲ್ಲಿ ತಿರುಗಿ ಬರೆಯುವುದಿಲ್ಲ. ಇಬ್ಬರಿಗೂ ನೆನಪಿವೆ, ಅಷ್ಟು ಸಾಕು. ನಾನು ಹೇಳಬೇಕಾದದ್ದು ಬೇರೆಯೇ ಇದೆ, ಅದು ಫೋನಿನಲ್ಲಿ ಬಾಯಿಗೆ ಬರುವಂಥದ್ದಲ್ಲ.

ನೆಗೆಟಿವ್‌ಗಳನ್ನು ಗುಜರಿಗೆ ಕೊಟ್ಟದ್ದು ತಪ್ಪು. ಮಳೆಗಾಲದಲ್ಲಿ ಅಟ್ಟ ಸೋರಿ ಎರಡು ಪೆಟ್ಟಿಗೆಗಳಿಗೆ ಬೂಸು ಹತ್ತಿತ್ತು, ಹುಬ್ಬಳ್ಳಿಯಿಂದ ಬಂದವನು ಬೆಳ್ಳಿ ತೆಗೆಯುತ್ತೇವೆ ಎಂದು ಕಿಲೋ ಲೆಕ್ಕದಲ್ಲಿ ಕೇಳಿದ, ನಾನು ತೂಗಿಸಿಬಿಟ್ಟೆ. ಅವನು ಕಪ್ಪು-ಬಿಳುಪಿನವನ್ನು ಮಾತ್ರ ಆರಿಸಿಕೊಂಡ. ಬಣ್ಣದ ಫಿಲ್ಮನ್ನು ತೊಳೆಯುವಾಗಲೇ ಅದರ ಬೆಳ್ಳಿ ಹೋಗಿರುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಹೀಗಾಗಿ ಊರಿನ ಮದುವೆಗಳೆಲ್ಲ ಅಟ್ಟದ ಮೇಲೆ ಉಳಿದವು, ಗುಡಿಗಳೆಲ್ಲ ಹೋದವು. ಆ ರಾತ್ರಿ ನೀನು ಬೇರೆ ಯಾವುದಕ್ಕೂ ಅಳಲಿಲ್ಲ. "ಲಕ್ಕುಂಡೀದರ ಇಟ್ಕೋಬೇಕಿತ್ತಪಾ, ನನ್ನ ಕೈ ನಡುಗಿ ಕೆಟ್ಟಿದ್ರೂ ಅದು ನಂದಿತ್ತು" ಎಂದು ಹೇಳಿ ಅತ್ತೆ. ಆ ಮಾತು ಕೇಳಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಹತ್ತಿಲ್ಲ.

ಅದು 2003ರ ದಸರೆಯ ರಜೆ, ನಿನಗೆ ಒಂಬತ್ತು ವರ್ಷ. ಧಾರವಾಡದ ಸಂಶೋಧಕರೊಬ್ಬರು ತಮ್ಮ ಪುಸ್ತಕಕ್ಕಾಗಿ ಲಕ್ಕುಂಡಿಯ ಬ್ರಹ್ಮಜಿನಾಲಯದ ಒಳಗಿನ ಚತುರ್ಮುಖ ಬ್ರಹ್ಮನ ಚಿತ್ರ ಬೇಕೆಂದು ಕೇಳಿದ್ದರು. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಪತ್ರವನ್ನೂ ಅವರೇ ತಂದಿದ್ದರು. ಮದುವೆ ಮತ್ತು ಪಾಸ್‌ಪೋರ್ಟ್ ಫೋಟೋಗಳಲ್ಲಿ ಹೊಟ್ಟೆ ಹೊರೆಯುತ್ತಿದ್ದ ನನಗೆ ಅಂಥ ಕೆಲಸ ಬಂದದ್ದು ಅದೇ ಮೊದಲು. ಫ್ಲ್ಯಾಶ್ ಹಾಕಿದರೆ ಬಳಪದ ಕಲ್ಲಿನ ಮೈ ಚಪ್ಪಟೆಯಾಗುತ್ತದೆ ಎಂದು ಗೊತ್ತಿದ್ದರಿಂದ ಸ್ಟುಡಿಯೋದಲ್ಲಿ ಗಿರಾಕಿಗಳು ತಲೆ ಬಾಚಿಕೊಳ್ಳುತ್ತಿದ್ದ ಕನ್ನಡಿಯನ್ನೇ, ದಾರಕ್ಕೆ ತೂಗುಬಿಟ್ಟಿದ್ದ ಬಾಚಣಿಕೆಯನ್ನು ಬಿಚ್ಚಿಟ್ಟು, ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದೆವು. ನೀನು ಅಂಗಳದ ಬಿಸಿಲಿನಲ್ಲಿ ನಿಂತು ಕನ್ನಡಿಯ ಝಳಕನ್ನು ಮುಂದಿನ ಮಂಟಪದ ಮೂಲಕ ಒಳಗೆ ಕಳಿಸಬೇಕು, ಅದು ನಾನು ಸ್ಟ್ಯಾಂಡಿಗೆ ಹರವಿದ್ದ ಬಿಳಿ ಪಂಚೆಯ ಮೇಲೆ ಬೀಳಬೇಕು, ಅಲ್ಲಿಂದ ಮೆತ್ತಗಾಗಿ ಬ್ರಹ್ಮನ ಮುಖದ ಮೇಲೆ ಇಳಿಯಬೇಕು. ನಾನು ಕೇಬಲ್ ರಿಲೀಸ್ ಒತ್ತಿ ಹಿಡಿದು ಗಟ್ಟಿಯಾಗಿ 30ರವರೆಗೆ ಎಣಿಸುತ್ತಿದ್ದೆ. ಇಪ್ಪತ್ತು ದಾಟುವಷ್ಟರಲ್ಲಿ ಪಂಚೆಯ ಮೇಲಿನ ಬೆಳಕು ಕುಣಿಯತೊಡಗುತ್ತಿತ್ತು. ನಾನು ಒಳಗಿನಿಂದಲೇ ಬೈಯುತ್ತಿದ್ದೆ. ನೀನು ಒಂದು ಸಲವೂ ಕನ್ನಡಿಯನ್ನು ಕೆಳಗೆ ಇಡಲಿಲ್ಲ. ಮುಗಿದ ಮೇಲೆ ನೋಡಿದರೆ ನಿನ್ನ ಎರಡೂ ಅಂಗೈಗಳಲ್ಲಿ ಚೌಕಟ್ಟಿನ ಅಂಚು ಕೆಂಪಗೆ ಮೂಡಿತ್ತು.

ಮುಂದಿನದು ನಿನಗೆ ಗೊತ್ತಿಲ್ಲ. ರೋಲು ಮುಗಿಸಿ ರಿವೈಂಡ್ ಮಾಡುವಾಗ ಎರಡೇ ಸುತ್ತಿಗೆ ಹಿಡಿಕೆ ಹಗುರಾಯಿತು. ಮೂವತ್ತಾರು ಚಿತ್ರಗಳ ರೋಲು ಎರಡು ಸುತ್ತಿಗೆ ಮುಗಿಯುವುದಿಲ್ಲ. ಬೆಳಿಗ್ಗೆ ಅವಸರದಲ್ಲಿ ಬಸ್ಸಿನೊಳಗೇ ಫಿಲ್ಮ್ ತುಂಬಿದ್ದೆ, ಅದರ ನಾಲಿಗೆ ಎದುರಿನ ಸ್ಪೂಲಿಗೆ ಕಚ್ಚಿಕೊಂಡಿರಲೇ ಇಲ್ಲ. ಎಣಿಕೆಯ ಮುಳ್ಳು ಮುಂದೆ ಹೋಗಿತ್ತು, ಫಿಲ್ಮ್ ಇದ್ದಲ್ಲೇ ಇತ್ತು. ಲಿವರ್ ಎಳೆದಾಗ ಎಡಗಡೆಯ ಹಿಡಿಕೆ ತಿರುಗುತ್ತದೆಯೋ ಇಲ್ಲವೋ ನೋಡು ಎಂಬುದು ಕೆಲಸ ಕಲಿಯಲು ಬಂದ ಪ್ರತಿಯೊಬ್ಬ ಹುಡುಗನಿಗೂ ನಾನು ಹೇಳುತ್ತಿದ್ದ ಮೊದಲನೆಯ ಪಾಠ. ಲಕ್ಕುಂಡಿಯಿಂದ ಗದಗಿಗೆ ಸುಮಾರು 12 ಕಿಲೋಮೀಟರ್ ದಾರಿಯುದ್ದಕ್ಕೂ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ, ನಾನು ಹಾಗಾಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ರಾತ್ರಿ ತೊಳೆದು ದೀಪಕ್ಕೆ ಹಿಡಿದರೆ ತುದಿಯ ನಾಲ್ಕು ಬೆರಳಿನಷ್ಟು ಕಪ್ಪು, ಉಳಿದದ್ದೆಲ್ಲ ಗಾಜಿನಂತೆ ಸ್ವಚ್ಛ.

ಮರುದಿನ ಸಂಶೋಧಕರು ಬಂದು ಕುಳಿತಾಗ ನೀನು ಕೌಂಟರಿನ ಪಕ್ಕದಲ್ಲೇ ನಿಂತಿದ್ದೆ. "ಹುಡುಗಿ ಕನ್ನಡಿ ಅಲುಗಾಡಿಸ್ಯಾಳ್ರೀ, ಎಲ್ಲಾ ಕೆಟ್ಟಾವು" ಎಂದು ನಾನು ಹೇಳಿದೆ. ಅವರು ದೊಡ್ಡ ಮನುಷ್ಯರು, ನಿನ್ನ ತಲೆ ಸವರಿ ನಕ್ಕರು. ನೀನು ನಗಲಿಲ್ಲ.

ಮುಂದೆ ಒಂದು ವಾರ ನೀನು ಮಾಳಿಗೆಯ ಮೇಲೆ ನಿಮ್ಮವ್ವನ ಹಿತ್ತಾಳೆಯ ತಾಟಿನಲ್ಲಿ ನೀರು ತುಂಬಿದ ತಂಬಿಗೆ ಇಟ್ಟುಕೊಂಡು, ಅದನ್ನು ಎದೆಯ ಮಟ್ಟಕ್ಕೆ ಹಿಡಿದು, ಬಾಯಲ್ಲಿ ಎಣಿಸುತ್ತ ನಿಲ್ಲುತ್ತಿದ್ದುದನ್ನು ನಾನು ನೋಡಿದೆ. ಮೆಟ್ಟಿಲ ತಿರುವಿನಲ್ಲಿ ನಿಂತು ನೋಡಿದೆ, ಕೆಳಗಿಳಿದು ಬಂದೆ. ಒಂದೇ ಒಂದು ಮಾತು ಸಾಕಾಗಿತ್ತು. ಆಮೇಲೆ ಹೇಳೋಣ, ಪರೀಕ್ಷೆ ಮುಗಿಯಲಿ, ದೊಡ್ಡವಳಾಗಲಿ ಎಂದು 20 ವರ್ಷಗಳ ಮೇಲೆ ಕಳೆದೆ.

ಇನ್ನೊಂದನ್ನೂ ಹೇಳಬೇಕು, ನಿನ್ನ ಕಸುಬಿನ ಮಾತು. ಕನ್ನಡಿಯಿಂದ ಬೆಳಕು ಕೊಟ್ಟು ದೀರ್ಘ ಎಕ್ಸ್‌ಪೋಷರ್ ತೆಗೆಯುವಾಗ ಕನ್ನಡಿ ತುಸು ಅಲುಗಬೇಕು. ನಿಶ್ಚಲವಾಗಿ ಹಿಡಿದರೆ ಝಳಕಿನ ಅಂಚು ಒಂದೇ ಕಡೆ ಕಚ್ಚಿ ಕಲೆಯಾಗುತ್ತದೆ. ಅಲುಗಿದರೆ ಸುಣ್ಣ ಬಳಿದಂತೆ ಸಮನಾಗಿ ಹರಡುತ್ತದೆ. ಫಿಲ್ಮ್ ಓಡಿದ್ದರೆ ನಿನ್ನ ನಡುಗುವ ಕೈಯಿಂದ ಆ ದಿನ ನನ್ನ ಜೀವಮಾನದ ಅತ್ಯುತ್ತಮ ಚಿತ್ರ ಬರುತ್ತಿತ್ತು. ಇದು ನನಗೆ ಆಗ ಗೊತ್ತಿರಲಿಲ್ಲ, ಗೊತ್ತಾದ ಮೇಲೂ ಹೇಳಲಿಲ್ಲ.

ಧಾರವಾಡದಲ್ಲಿ ನಿನ್ನ ಚಿತ್ರಗಳ ಪ್ರದರ್ಶನವಾದಾಗ ಡಂಬಳದ ದೊಡ್ಡಬಸಪ್ಪ ಗುಡಿಯ ಚಿತ್ರದ ಮುಂದೆ ನಿಂತ ಒಬ್ಬರು, ನಕ್ಷತ್ರದಂತೆ ಮಡಿಕೆ ಮಡಿಕೆಯಾಗಿ ಹೊರಬಂದ ಆ ಗೋಡೆಯ ಒಂದೊಂದು ಕೋನವೂ ಎಷ್ಟು ಸ್ಥಿರವಾಗಿದೆ, ಈ ಹುಡುಗಿಯ ಕೈ ಎಂಥ ಕೈ ಎಂದು ಹೊಗಳಿದರು. ನಾನು ಚಹಾ ಕುಡಿಯುವ ನೆಪದಲ್ಲಿ ಹೊರಗೆ ಹೋದದ್ದಕ್ಕೆ ನೀನು ಸಿಟ್ಟಾಗಿದ್ದೆ. ಹೆಮ್ಮೆ ಇರಲಿಲ್ಲ ಎಂದು ತಿಳಿಯಬೇಡ. ಶಿಖರ ಹಿಂದಕ್ಕೆ ವಾಲದಂತೆ ಲೆನ್ಸನ್ನೇ ಮೇಲಕ್ಕೆ ಸರಿಸಿ ಗೆರೆಗಳನ್ನು ನೆಟ್ಟಗೆ ನಿಲ್ಲಿಸುವ ವಿದ್ಯೆ ನನಗೆ ಬರುತ್ತಿರಲಿಲ್ಲ. ಬೆಳಗಿನ ಓರೆ ಬಿಸಿಲು ಗೋಡೆಗೆ ತಾಗುವ ಅರ್ಧ ತಾಸಿಗಾಗಿ ಮೂರು ದಿನ ಕಾಯುವ ತಾಳ್ಮೆಯೂ ಇರಲಿಲ್ಲ. ನಾನು ಹುಡುಗನಿದ್ದಾಗ ಶಾಸನದ ಅಕ್ಷರಗಳಿಗೆ ಸುಣ್ಣದ ಪುಡಿ ತುಂಬಿ ಫೋಟೋ ತೆಗೆದವನು. ಕಲ್ಲಿಗೆ ಕೈ ಹಚ್ಚದೆ ಬೆಳಕಿನಿಂದಲೇ ಅಕ್ಷರ ಓದಿಸುವುದನ್ನು ನಿನ್ನಿಂದ ಕಲಿತೆ.

ಆದರೂ ನಿನ್ನ ಚಿತ್ರಗಳಲ್ಲಿ ಒಬ್ಬ ಮನುಷ್ಯನೂ ಇರುವುದಿಲ್ಲ ಎಂಬ ನನ್ನ ತಕರಾರು ಹಾಗೆಯೇ ಇದೆ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಸುತ್ತ ಮನೆಗಳು ಒತ್ತಿಕೊಂಡು ನಿಂತಿವೆ, ಒಣಹಾಕಿದ ಸೀರೆ ಕಾಣಬಾರದೆಂದು ನೀನು ನೆಲಕ್ಕೆ ಕುಳಿತು ಕೋನ ಹುಡುಕುತ್ತೀ. ಆ ಸೀರೆಯೂ ಆ ಗುಡಿಯ ಇತಿಹಾಸವೇ ಅಲ್ಲವೇ? ಒಂದು ಚಿತ್ರಕ್ಕೆ ಐದೇ ಪ್ರತಿ ತೆಗೆದು ನಿಲ್ಲಿಸುವ ನಿಮ್ಮ ಕಲಾಲೋಕದ ರೂಢಿಯೂ ನನಗೆ ಅರ್ಥವಾಗುವುದಿಲ್ಲ. 1007ರಲ್ಲಿ ಆ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣ ನಶಿಸಿಹೋಗಬಾರದೆಂದು 1000 ಪ್ರತಿಗಳನ್ನು ಬರೆಸಿ ಹಂಚಿದವಳು. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ! ಇದ್ದ ಒಂದೊಂದೇ ನೆಗೆಟಿವನ್ನೂ ತೂಕಕ್ಕೆ ಹಾಕಿದವನು ಇದನ್ನು ಹೇಳಬಾರದು, ನಿಜ. ಬರೆದಾಯಿತು, ಹೊಡೆದುಹಾಕುವುದಿಲ್ಲ.

ನೀನು ಅಲ್ಲಿ ನೋಡಬೇಕೆಂದಿರುವ ಹಳೆಯ ಚಿತ್ರಗಳ ವಿಷಯ ನಿಮ್ಮವ್ವನಿಗೆ ತಿಳಿಸಿ ಹೇಳಿದೆ. ತೋಪಖಾನೆಯ ಬಿಗ್ಸ್ ಸಾಹೇಬ 1855ರಲ್ಲಿ ಮುಂಬಯಿ ಸರಕಾರದ ಛಾಯಾಗ್ರಾಹಕನಾಗಿ ನಮ್ಮ ಸೀಮೆಗೆ ಬಂದದ್ದು, ಅವನನ್ನು ಸೈನ್ಯ ವಾಪಸು ಕರೆಸಿಕೊಂಡ ಮೇಲೆ ಪಿಗೂ ಎಂಬ ಡಾಕ್ಟರ್ ಆ ಕೆಲಸವನ್ನು ಮುಂದುವರಿಸಿದ್ದು, ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಆ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದದ್ದು, ಎಲ್ಲವನ್ನೂ ಹೇಳಿದೆ. ಕಾಗದದ ನೆಗೆಟಿವನ್ನು ನಮ್ಮ ಬಿಸಿಲು ಧೂಳಿನಲ್ಲಿ ಹೊತ್ತು ತಿರುಗಿದವರು ಅವರು. ಅವರ ಕೆಲಸ ಅಲ್ಲಿ ಜೋಪಾನವಾಗಿದೆ, ನನ್ನದು ಗುಜರಿಯ ಮೂಸೆಯಲ್ಲಿ ಕರಗಿತು ಎಂದು ಅವಳು ಅನ್ನಲಿಲ್ಲ, ಅವಳ ಮುಖ ಅಂದಿತು.

ನೀನು ಮರಳಿ ಬಂದು ಅವರ ಜಾಡಿನಲ್ಲಿ ಗಳಗನಾಥ, ಚೌಡಯ್ಯದಾನಪುರ, ಹಾನಗಲ್ಲುಗಳನ್ನು ಮತ್ತೆ ತೆಗೆಯುವವಳಿದ್ದೀಯಲ್ಲ, ನಸುಕಿನಲ್ಲಿ ಒಬ್ಬಳೇ ಹೋಗಬೇಡ. ಶಿಖರದ ಸಂದಿಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಹೊಳೆಯ ದಂಡೆಯ ಗುಡಿಗಳಲ್ಲಿ ಹಾವು ಇರುತ್ತದೆ. ಟ್ರೈಪಾಡಿನ ಕಾಲಿಗೆ ರಬ್ಬರ್ ಹಾಕದೆ ಕಲ್ಲಿನ ಮೇಲೆ ಇಡಬೇಡ. ತೆಗೆದದ್ದನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ ಹಾಕಿ ಒಂದನ್ನು ಬೇರೆ ಮನೆಯಲ್ಲಿಡು, ನಮ್ಮ ಮನೆಯಲ್ಲಿ ಬೇಡ. ಥಂಡಿಯಲ್ಲಿ ಕಿವಿ ಮುಚ್ಚಿಕೊ. ಇದೆಲ್ಲ ನಿನಗೆ ಗೊತ್ತಿರುವುದೇ, ಉಪದೇಶ ಮಾಡುವುದಿಲ್ಲ ಎಂದು ನಿಮ್ಮವ್ವನಿಗೆ ಮಾತು ಕೊಟ್ಟು ಪೆನ್ನು ಹಿಡಿದಿದ್ದೆ.

ಲಕ್ಕುಂಡಿಯ ರೋಲು ಗುಜರಿಗೆ ಹೋಗಿಲ್ಲ. ಅದು ಅಟ್ಟದ ಪೆಟ್ಟಿಗೆಯಲ್ಲಿ ಎಂದೂ ಇರಲಿಲ್ಲ. ಇಷ್ಟು ವರ್ಷವೂ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ, ಪೌಡರಿನ ಹಳೆಯ ಡಬ್ಬಿಯಲ್ಲಿತ್ತು. ಅದನ್ನು ನೀನು ಕಂಡುಹಿಡಿಯುತ್ತೀ ಎಂಬ ಹೆದರಿಕೆಯಿಂದ ಎಷ್ಟೋ ಸಲ ಎಸೆಯಬೇಕೆಂದುಕೊಂಡೆ, ಆಗಲಿಲ್ಲ. ಕರಗಿಸಿದ್ದರೂ ಅದರಲ್ಲಿ ಸಿಗುವ ಬೆಳ್ಳಿ ಆ ನಾಲ್ಕು ಬೆರಳು ಕಪ್ಪಿನಲ್ಲಿದ್ದಷ್ಟೇ. ಮಿಕ್ಕದ್ದೆಲ್ಲ ಅದೇ ರಾತ್ರಿ ಫಿಲ್ಮ್ ತೊಳೆಯುವ ಹೈಪೋ ದ್ರಾವಣದಲ್ಲಿ ಹರಿದುಹೋಗಿತ್ತು. ದೀಪಕ್ಕೆ ಹಿಡಿದು ನೋಡು. ನಿನ್ನ ಕೈಯ ನಡುಕ ಅದರಲ್ಲಿ ಎಲ್ಲಿಯೂ ಇಲ್ಲ.

ರೋಲನ್ನು ಈ ಪತ್ರದ ಜೊತೆ ಪಾರ್ಸೆಲ್ಲಿನಲ್ಲಿಯೇ ಇಟ್ಟಿದ್ದೇನೆ. ನಿಮ್ಮವ್ವ ಶೇಂಗಾ ಚಟ್ನಿಪುಡಿಯನ್ನೂ ಅದರಲ್ಲೇ ಹಾಕಿದ್ದಾಳೆ. ಎರಡು ಪ್ಲಾಸ್ಟಿಕ್ ಚೀಲ ಸುತ್ತಿದ್ದೇನೆ, ಆದರೂ ಬಿಚ್ಚಿದ ಕೂಡಲೆ ಫಿಲ್ಮನ್ನು ಬೇರೆ ತೆಗೆದಿಡು, ಎಣ್ಣೆ ಹತ್ತುತ್ತದೆ.

ನಿನ್ನ ಅಪ್ಪ